ಅವಧಿಗೆ ಮುನ್ನ ಬಂದ ಕೂಸು, ಸಮಯಕ್ಕೆ ಒದಗುವ ನೆರವು



37 ವಾರ ತುಂಬುವ ಮೊದಲೇ ಜನಿಸಿದ ಶಿಶುವಿಗೆ ಚಳಿಯೇ ದೊಡ್ಡ ಶತ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಾವು ಇದನ್ನು ಮರೆಯಲಾಗದು. ಪಾವಗಡದಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 100 ಕಿಲೋಮೀಟರ್ ದಾರಿ.

1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದಾದಾಗ, ವೈದ್ಯರು ಶಿಶುಗಳನ್ನು ತಾಯಂದಿರ ಬರಿಯೆದೆಗೆ ಅವಚಿ ಕಟ್ಟಿಸಿದರು. ಆ ಮೈಬಿಸುಪು, ಎದೆಹಾಲು ಅನೇಕ ಜೀವಗಳನ್ನು ಉಳಿಸಿದವು. ಇಂದು ಅದನ್ನು ಕಾಂಗರೂ ಆರೈಕೆ ಎನ್ನುತ್ತೇವೆ.

ಆದರೆ ತಾಯಿ ಕೂಸನ್ನು ಎದೆಯಿಂದ ಇಳಿಸದಿರಬೇಕಾದರೆ, ಆಕೆಯ ಒಲೆ ಹೊತ್ತಿಸುವವರು, ಹಿರಿಯ ಮಕ್ಕಳಿಗೆ ಉಣಿಸುವವರು, ದನಗಳಿಗೆ ಮೇವು ಹಾಕುವವರು ಬೇರೆ ಬೇಕು. ಅವರು ನಾವೇ ಆಗಬೇಕು. ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಪ್ರತಿಯೊಬ್ಬ ಗರ್ಭಿಣಿಗೂ ನೆರವಾಗುವ ಎರಡು ಮನೆಗಳನ್ನು ಮೊದಲೇ ಗೊತ್ತುಮಾಡೋಣ. ಕೂಸು ಅವಸರದಿಂದ ಬಂದರೂ ನಮ್ಮ ನೆರವು ತಡವಾಗದಿರಲಿ.