ಗೋಡೆಯೊಳಗೆ ಏನಿದೆ?

(ಉರ್ವದಲ್ಲಿ ಜರಗಿದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಕಲಿಸುವ ಮಾಸ್ತರನಿಗೆ ಕಟ್ಟಡ ವಿನ್ಯಾಸದ ತಂತ್ರಾಂಶದ ಬಗ್ಗೆ ಮಾತನಾಡಲು ಏನು ಅಧಿಕಾರ ಎಂದು ನೀವು ಕೇಳಬಹುದು. ಆ ಅಧಿಕಾರ ನನಗೆ ಬಂದದ್ದು ನನ್ನ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಸಿವಿಲ್ ಡಿಪ್ಲೊಮಾ ಓದುತ್ತಿದ್ದ ಅವನು ತನ್ನ ಪ್ರಾಜೆಕ್ಟ್ ವರದಿಯ ಭಾಷೆ ತಿದ್ದಿಸಲು ಬಂದಿದ್ದ. ಮಂಗಳೂರಿನ ಒಂದು ಸಣ್ಣ ಮನೆಯ ವಿನ್ಯಾಸ ಅದು. ರೆವಿಟ್ ಎಂಬ ತಂತ್ರಾಂಶದಲ್ಲಿ ಬಹಳ ಚಂದವಾಗಿ ಮಾಡಿದ್ದ. ಆದರೆ ಗೋಡೆಯ ವಿವರ ಓದಿ ನನಗೆ ಆಶ್ಚರ್ಯವಾಯಿತು. ಹೊರಗೆ ಇಟ್ಟಿಗೆ, ನಡುವೆ ಗಾಳಿಯ ಸಂದು, ಉಷ್ಣ ತಡೆಯುವ ಹಾಳೆ, ಅದರ ಹಿಂದೆ ಕಾಂಕ್ರೀಟ್ ಬ್ಲಾಕ್, ಒಳಗೆ ಜಿಪ್ಸಂ ಹಲಗೆ. "ಇಂಥ ಗೋಡೆ ನಮ್ಮೂರಿನಲ್ಲಿ ಎಲ್ಲಿದೆಯಪ್ಪಾ?" ಎಂದು ಕೇಳಿದೆ. "ಪಟ್ಟಿಯಲ್ಲಿ ಇದ್ದದ್ದನ್ನು ಹಾಕಿದೆ ಸರ್" ಎಂದ.

ಅವನ ತಂದೆ ಮೂವತ್ತು ವರ್ಷಗಳಿಂದ ಕೆಂಪುಕಲ್ಲು ಕಟ್ಟುತ್ತಿರುವ ಮೇಸ್ತ್ರಿ!

ಮಿತ್ರರೇ, ನಮ್ಮ ಕೆಂಪುಕಲ್ಲು ಅಜ್ಞಾತವಾದ ವಸ್ತುವೇನಲ್ಲ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲಾಟರ್' ಎಂದರೆ ಇಟ್ಟಿಗೆ. ಭಾರತೀಯ ಮಾನಕ ಸಂಸ್ಥೆ ಈ ಕಲ್ಲಿಗಾಗಿಯೇ ಐ.ಎಸ್. 3620 ಎಂಬ ಮಾನಕವನ್ನು ರೂಪಿಸಿದೆ. ಆದರೂ ತಂತ್ರಾಂಶದ ಜೊತೆಗೆ ಬರುವ ಸಿದ್ಧ ಗೋಡೆಗಳ ಪಟ್ಟಿಯಲ್ಲಿ ನಮ್ಮ ಕೆಂಪುಕಲ್ಲಿನ ಗೋಡೆ ಇಲ್ಲ. ಅದು ತಂತ್ರಾಂಶದ ತಪ್ಪಲ್ಲ. ಅಮೆರಿಕದಲ್ಲಿ ಹುಟ್ಟಿದ ರೆವಿಟ್ ಅಲ್ಲಿನ ಗೋಡೆಗಳನ್ನು ಇಟ್ಟುಕೊಂಡು ಬಂದಿದೆ. ನಮ್ಮ ಗೋಡೆಯನ್ನು ಮಾಡಿಕೊಳ್ಳುವ ದಾರಿಯನ್ನೂ ಕೊಟ್ಟಿದೆ. ಆ ದಾರಿಯಲ್ಲಿ ಹೋಗಬೇಕಾದವರು ನಾವು.

ಅಂದು ಸಂಜೆ ನಾನು, ಆ ಹುಡುಗ, ಅವನ ತಂದೆ ಮೂವರೂ ಕಂಪ್ಯೂಟರಿನ ಮುಂದೆ ಕುಳಿತೆವು. ಮಾಡಿದ ಕೆಲಸ ಇಷ್ಟು. ಮೊದಲು ಒಂದು ಸಾದಾ ಗೋಡೆಯನ್ನು ಆರಿಸಿ 'ಎಡಿಟ್ ಟೈಪ್' ಒತ್ತಿ, 'ಡೂಪ್ಲಿಕೇಟ್' ಮಾಡಿ ಹೊಸ ಹೆಸರು ಕೊಡಬೇಕು. ಇದನ್ನು ಮರೆತರೆ ಮೂಲ ಗೋಡೆಯೇ ಬದಲಾಗಿ, ಅದೇ ಜಾತಿಯ ಗೋಡೆ ನಕ್ಷೆಯಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಾಗುತ್ತದೆ. ಆಮೇಲೆ 'ಸ್ಟ್ರಕ್ಚರ್' ಎದುರಿನ 'ಎಡಿಟ್' ಒತ್ತಿದರೆ ಪದರಗಳ ಪಟ್ಟಿ ತೆರೆಯುತ್ತದೆ. ಪಟ್ಟಿಯ ಮೇಲ್ತುದಿ ಮನೆಯ ಹೊರಮೈ, ಕೆಳತುದಿ ಒಳಮೈ. 'ಇನ್ಸರ್ಟ್' ಒತ್ತಿ ಒಂದೊಂದೇ ಪದರ ಸೇರಿಸಬೇಕು. ಪ್ರತಿ ಪದರಕ್ಕೂ ಅದರ ಕೆಲಸ, ವಸ್ತು, ದಪ್ಪ ಮೂರನ್ನೂ ಹೇಳಬೇಕು.

ದಪ್ಪ ಎಷ್ಟೆಂದು ಹುಡುಗ ತಂದೆಯನ್ನು ಕೇಳಿದ. ಹೊರಗೆ ಎರಡು ಕೈ ಗಾರೆ 20 ಮಿ.ಮೀ., ಕಲ್ಲು 200 ಮಿ.ಮೀ., ಒಳಗಿನ ಗಾರೆ 12 ಮಿ.ಮೀ. ಒಟ್ಟು 232. ಕೋರೆಯಿಂದ ಕೋರೆಗೆ ಕಲ್ಲಿನ ಅಳತೆ ಬೇರೆಯಾಗುವುದರಿಂದ ಅಳೆದು ನೋಡಿಯೇ ಬರೆಯಬೇಕೆಂದೂ ಅವರು ಎಚ್ಚರಿಸಿದರು.

ಪದರದ ಕೆಲಸಕ್ಕೆ ತಂತ್ರಾಂಶದಲ್ಲಿ ದರ್ಜೆಗಳಿವೆ. ಭಾರ ಹೊರುವ 'ಸ್ಟ್ರಕ್ಚರ್' 1ನೆಯದು, 'ಫಿನಿಶ್' 4 ಮತ್ತು 5ನೆಯದು. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ 1ನೆಯ ದರ್ಜೆಯ ಪದರಗಳು ಮೊದಲು ಕೂಡಿಕೊಳ್ಳುತ್ತವೆ. ಗಾರೆಗೂ 1 ಎಂದು ಬರೆದರೆ ಮೂಲೆಯ ಚಿತ್ರವೇ ತಪ್ಪುತ್ತದೆ. ನೀರು ತಡೆಯುವ ತೆಳು ಲೇಪಕ್ಕೆ 'ಮೆಂಬ್ರೇನ್' ಎಂಬ ಹೆಸರು. ಅದರ ದಪ್ಪ ಸೊನ್ನೆ ಎಂದೇ ಇರಬೇಕು. ದಪ್ಪ ಸೊನ್ನೆಯಾದರೂ ಕೆಲಸ ಸೊನ್ನೆಯಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮೂರಿನಲ್ಲಿ, ತೂತುತೂತಾದ ಈ ಕಲ್ಲಿನ ಗೋಡೆಗೆ ಅದರ ಬೆಲೆ ಏನೆಂದು ಆಷಾಢದಲ್ಲಿ ಗೊತ್ತಾಗುತ್ತದೆ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಗೋಡೆಯನ್ನು ಎಳೆಯುವಾಗ ಗೆರೆ ಯಾವುದರ ಮೇಲೆ ಬರಬೇಕು? ಗೋಡೆಯ ನಡುವಿಗೋ, ಗಾರೆಯ ಅಂಚಿಗೋ? ಹುಡುಗನಿಗೆ ತಿಳಿಯಲಿಲ್ಲ. ಅಷ್ಟರವರೆಗೆ ದೂರದಲ್ಲಿ ಕುಳಿತಿದ್ದ ತಂದೆ ಹತ್ತಿರ ಬಂದು ಹೇಳಿದರು: "ನೂಲು ಹಿಡಿಯುವುದು ಕಲ್ಲಿಗೆ ಮಾಸ್ಟ್ರೇ, ಗಾರೆಗಲ್ಲ. ಗಾರೆ ಆಮೇಲೆ ಬರುವುದು." ಹುಡುಗ ಪಟ್ಟಿಯಲ್ಲಿ ಹುಡುಕಿದ. 'ಕೋರ್ ಫೇಸ್' ಎಂಬ ಆಯ್ಕೆ ಅಲ್ಲಿಯೇ ಇತ್ತು. ಮೇಸ್ತ್ರಿ ಹಿಡಿಯುವ ನೂಲಿಗೆ ಕಂಪ್ಯೂಟರ್ ಇಟ್ಟ ಹೆಸರು ಅದು!

ಇಷ್ಟು ಕಷ್ಟ ಯಾಕೆ ಎನ್ನುವವರಿಗೆ ಒಂದು ಲೆಕ್ಕ. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆ ಎಂದರೆ 9 ಚದರ ಮೀಟರ್. ಪದರ ಮಾಡದೆ 232 ಮಿ.ಮೀ. ಪೂರ್ತಿ ಕಲ್ಲು ಎಂದು ಬರೆದರೆ ತಂತ್ರಾಂಶ 2.088 ಘನ ಮೀಟರ್ ಕಲ್ಲಿನ ಕಟ್ಟೋಣ ತೋರಿಸುತ್ತದೆ. ನಿಜವಾಗಿ ಬೇಕಾದದ್ದು 1.8. ಅಂದರೆ ನೂರಕ್ಕೆ ಹದಿನಾರು ಹೆಚ್ಚು. ಸಾಲ ಮಾಡಿ ಮನೆ ಕಟ್ಟುವವನಿಗೆ ಇದು ಸಣ್ಣ ತಪ್ಪಲ್ಲ. ಅಂದಾಜು ಪಟ್ಟಿಯಲ್ಲಿ ಕಲ್ಲು ಹೆಚ್ಚಾಗುವುದಷ್ಟೇ ಅಲ್ಲ, ಗಾರೆ ಇಲ್ಲವೇ ಇಲ್ಲ.

ರೆವಿಟ್ ದುಬಾರಿಯಾದರೂ ಅರ್ಹ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಸಿಗುತ್ತದೆ. ಫ್ರೀಕ್ಯಾಡ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತ. ಅದರ 'ಮಲ್ಟಿ-ಮೆಟೀರಿಯಲ್' ಸೌಲಭ್ಯದಲ್ಲಿಯೂ ಇದೇ ರೀತಿ ಪದರಗಳ ಗೋಡೆ ಮಾಡಬಹುದು. ಆದುದರಿಂದ ಹಣವಿಲ್ಲ ಎಂಬ ಕಾರಣ ಹೇಳಬೇಡಿ.

ಸೂರಃ ಕಹ್‌ಫ್‌ನ ಪ್ರಸಂಗ ನಿಮಗೆಲ್ಲ ಗೊತ್ತು. ಬೀಳಲಿದ್ದ ಗೋಡೆಯೊಂದನ್ನು ಕೂಲಿ ಕೇಳದೆ ಎತ್ತಿ ನಿಲ್ಲಿಸಿದ್ದೇಕೆಂದು ಮೂಸಾ (ಅ) ಅವರಿಗೆ ಮೊದಲು ಅರ್ಥವಾಗಲಿಲ್ಲ. ಅದರ ಅಡಿಯಲ್ಲಿ ಇಬ್ಬರು ಅನಾಥ ಮಕ್ಕಳಿಗೆ ಸೇರಿದ ನಿಧಿ ಇತ್ತು. ನಮ್ಮ ಮನೆಗಳಲ್ಲಿಯೂ ಮಕ್ಕಳಿಗೆ ಕಾಣದ ನಿಧಿ ಇದೆ. ಕಲ್ಲು ಕೆತ್ತುವವರ, ಗಾರೆ ಮಾಡುವವರ, ಮರಗೆಲಸದವರ ಕೈಯಲ್ಲಿರುವ ವಿದ್ಯೆ ಅದು. ಓದಿದ ಮಗ ಅದನ್ನು ವಿದ್ಯೆಯೆಂದು ತಿಳಿಯುವುದಿಲ್ಲ, ಓದದ ತಂದೆಯೂ ತಿಳಿಯುವುದಿಲ್ಲ. ಆ ಹುಡುಗ ತಿದ್ದಿದ ವರದಿಯಲ್ಲಿ ಕೃತಜ್ಞತೆಯ ಪುಟದ ಮೊದಲ ಹೆಸರು ಅವನ ತಂದೆಯದು. ಆ ಪುಟದಲ್ಲಿ ನಾನು ತಿದ್ದಬೇಕಾದದ್ದು ಏನೂ ಇರಲಿಲ್ಲ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಗೋಡೆಯೊಳಗೆ ಏನಿದೆ ಎಂದು ಹಿರಿಯರಲ್ಲಿ ಕೇಳಿ, ಬರೆದಿಟ್ಟುಕೊಳ್ಳಿ. ತಂತ್ರಾಂಶ ಆಮೇಲೆ ಕಲಿಯಬಹುದು. ಉಪಯುಕ್ತವಾದ ಜ್ಞಾನವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್. ವಸ್ಸಲಾಂ.