ಹಲ್ಲು ನೋಡಿ ಗರಗಸ ಕೊಳ್ಳಿ

ಊರಿಂದ ತಂದ ಅಪ್ಪನ ಗರಗಸ ನಿಮ್ಮ ಮುಂಬಯಿ ಫ್ಲಾಟಿನ ಅಟ್ಟದಲ್ಲಿ ತುಕ್ಕು ಹಿಡಿದು ಕೂತಿದೆಯೇ? ಭಂಗಾರ್‌ವಾಲಾನಿಗೆ ಕೊಡುವ ಮುನ್ನ ಸ್ವಲ್ಪ ತಡೆಯಿರಿ.

ಅಂಗಡಿಯಲ್ಲಿ ಸಿಗುವ ಎಷ್ಟೋ ಹೊಸ ಗರಗಸಗಳ ಹಲ್ಲಿನ ತುದಿ ನೀಲಿಗಪ್ಪಾಗಿರುತ್ತದೆ. ಕಾಯಿಸಿ ಗಡಸು ಮಾಡಿದ್ದು. ಬಹಳ ಕಾಲ ಹರಿತವಾಗಿರುತ್ತದೆ, ನಿಜ. ಆದರೆ ಮೊಂಡಾದ ಮೇಲೆ ಅರ ಅದರ ಮೇಲೆ ಜಾರುತ್ತದೆ, ಎಸೆಯುವುದೊಂದೇ ದಾರಿ. ಹಳೆಯ ಗರಗಸಗಳು ಸಾಮಾನ್ಯವಾಗಿ ಹಾಗಲ್ಲ, ಮತ್ತೆ ಮತ್ತೆ ಮಸೆಯಬಹುದು. ಮೇಜು, ಕುರ್ಚಿ ಮಾಡುವ ಆಸೆಯಿದ್ದರೆ ನಾನಂತೂ ಮಸೆಯಲು ಬರುವುದನ್ನೇ ಕೊಳ್ಳಿ ಎನ್ನುತ್ತೇನೆ.

ಮಸೆಯುವುದು ಹೇಗೆ? ಅಲಗನ್ನು ಎರಡು ಪಟ್ಟಿಗಳ ನಡುವೆ ಬಿಗಿಯಿರಿ. ಚಪ್ಪಟೆ ಅರದಿಂದ ಹಲ್ಲುಗಳ ಎತ್ತರ ಸಮ ಮಾಡಿ, ಆಮೇಲೆ ಮುಮ್ಮೂಲೆ ಅರ ಹಿಡಿಯಿರಿ. ಎಳೆಯುದ್ದಕ್ಕೆ ಸೀಳುವ ಗರಗಸಕ್ಕೆ ಇಂಚಿಗೆ 5-6 ದೊಡ್ಡ ಹಲ್ಲು; ಅರ ಅಲಗಿಗೆ ನೇರ ಅಡ್ಡಲಾಗಿರಲಿ. ಎಳೆಗೆ ಅಡ್ಡ ಕೊಯ್ಯುವುದಕ್ಕೆ 10-12 ಸಣ್ಣ ಹಲ್ಲು. ಅರವನ್ನು ಓರೆ ಹಿಡಿದರೆ ಹಲ್ಲು ಚಾಕುವಿನ ಮೊನೆಯಾಗುತ್ತದೆ. ಒಂದು ಸಂದು ಬಿಟ್ಟು ಒಂದು ಉಜ್ಜಿ, ಗರಗಸ ತಿರುಗಿಸಿ ಉಳಿದವನ್ನು ಉಜ್ಜಿ. ಮುಂದಕ್ಕೆ ತಳ್ಳುವಾಗಷ್ಟೇ ಒತ್ತಿ.

ಆಮೇಲೂ ಗರಗಸ ಮರದಲ್ಲಿ ಸಿಕ್ಕಿಕೊಂಡರೆ, ಹಲ್ಲುಗಳ ಎಡ-ಬಲ ಬಾಗು ಸಾಲದೆಂದು ತಿಳಿಯಿರಿ. ಆ ಕೆಲಸ ಅನುಭವದ ಬಡಗಿಯ ಕೈಯಲ್ಲೇ ಆಗಲಿ. ಮಸೆಯುವಾಗಿನ ಕಿರ್ರೆನ್ನುವ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿಯಾರು, ಹಗಲಲ್ಲೇ ಮುಗಿಸಿಬಿಡಿ!