ಹಣ್ಣಾದ ಕೂದಲಿಗೆ ಕಂದು ಬಣ್ಣ

ಕನ್ನಡದಲ್ಲಿ ‘ಕಂದು’ ಎಂಬುದು ಬಣ್ಣದ ಹೆಸರೂ ಹೌದು, ಕ್ರಿಯಾಪದವೂ ಹೌದು. ಬಿಸಿಲಿಗೆ ಹೂ ಕಂದುತ್ತದೆ, ದುಃಖಕ್ಕೆ ಮುಖ ಕಂದುತ್ತದೆ. ಬಾಡುವುದಕ್ಕೆ ಇರುವ ಮಾತನ್ನೇ ನಾವು ಒಂದು ಬಣ್ಣಕ್ಕೂ ಇಟ್ಟುಕೊಂಡಿದ್ದೇವೆ. ಕೂದಲು ಬೆಳ್ಳಗಾದರೆ ಮಾತ್ರ ನಮ್ಮ ಗಡಿಸೀಮೆಯ ಜನ ಬಾಡಿತು ಎನ್ನುವುದಿಲ್ಲ, ‘ಹಣ್ಣಾಯಿತು’ ಎನ್ನುತ್ತಾರೆ. ನೆರೆಯ ಮರಾಠಿಯವರೂ ‘ಕೇಸ ಪಿಕಲೇ’ ಎಂದೇ ಹೇಳುವರು. ಹಾಗಾದರೆ ಹಣ್ಣಾದುದನ್ನು ಕಂದಿಸಿಕೊಳ್ಳುವ ಈ ಹೊಸ ಹವ್ಯಾಸ ಎಲ್ಲಿಂದ ಬಂದಿತು ಎಂಬುದು ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆದ ನನ್ನಂಥವನಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಊರುಗಳಲ್ಲಿ ಯಾವ ಕ್ಷೌರದ ಅಂಗಡಿಗೆ ಹೋದರೂ ಈಗ ಕರಿಯ ಬಣ್ಣದ ಪಕ್ಕದಲ್ಲಿ ಕಂದು ಬಣ್ಣದ ಪೊಟ್ಟಣಗಳು ತೂಗುತ್ತಿರುತ್ತವೆ. ಕೆಲವು ತಿಂಗಳ ಹಿಂದೆ ಒಬ್ಬ ಕ್ಷೌರಿಕರು ನನಗೆ ಬುದ್ಧಿ ಹೇಳಿದರು: “ಸರ, ಕರೀದು ಬ್ಯಾಡ್ರಿ. ಎಂಟು ದಿನಕ್ಕ ಬುಡದಾಗ ಬಿಳೀದು ಎದ್ದು ಕಾಣತದ, ಮಂದಿ ನಗತಾರ. ತಪಕಿರಿ ಹಚ್ಚಿಕೋರಿ, ಯಾರಿಗೂ ಗೊತ್ತಾಗೂದಿಲ್ಲ.” ಮಾತಿನಲ್ಲಿ ಅನುಭವವಿತ್ತು. ಬಿಳಿಗೂ ಕಪ್ಪಿಗೂ ಇರುವಷ್ಟು ಅಂತರ ಬಿಳಿಗೂ ಕಂದಿಗೂ ಇಲ್ಲ. ನನ್ನ ಮನಸ್ಸು ನಿಂತದ್ದು ‘ತಪಕಿರಿ’ ಎಂಬ ಶಬ್ದದ ಮೇಲೆ. ತಪಕೀರ ಎಂದರೆ ನಶ್ಯ. ಕಂದು ಬಣ್ಣಕ್ಕೆ ಮರಾಠಿಯಲ್ಲಿ ನಶ್ಯದ ಬಣ್ಣವೆಂದೇ ಹೆಸರು. ಹೊಗೆಸೊಪ್ಪಿನ ವಾಸನೆಯಲ್ಲಿ ಬೆಳೆದ ನಿಪ್ಪಾಣಿಯ ಸುತ್ತಿನಲ್ಲಿ ಈ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ಷೌರಿಕರ ಬುದ್ಧಿಮಾತು ಕೇಳಿದಾಗ ನನಗೆ ಮಖಾದೇವ ಜಾತಕದ ಕಥೆ ನೆನಪಾಯಿತು. ಮಿಥಿಲೆಯ ಆ ಅರಸನು, ತಲೆಯಲ್ಲಿ ಮೊದಲ ಬಿಳಿಗೂದಲು ಕಂಡ ದಿನ ತನಗೆ ತಿಳಿಸಬೇಕೆಂದು ಕ್ಷೌರಿಕನಿಗೆ ಆಜ್ಞಾಪಿಸಿದ್ದನಂತೆ. ಕಂಡ ದಿನ ಆತ ಚಿನ್ನದ ಚಿಮಟಿಗೆಯಿಂದ ಅದನ್ನು ಕಿತ್ತು ಅರಸನ ಅಂಗೈಯಲ್ಲಿಟ್ಟನು. ಅರಸನು ರಾಜ್ಯವನ್ನು ಮಗನಿಗೊಪ್ಪಿಸಿ ಸನ್ಯಾಸಕ್ಕೆ ಹೊರಟನು; ಕ್ಷೌರಿಕನಿಗೆ ಒಂದು ಗ್ರಾಮವನ್ನೇ ಕೊಟ್ಟನು. ಕಾಳಿದಾಸನ ‘ರಘುವಂಶ’ದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ರಾಜ್ಯವನ್ನು ಒಪ್ಪಿಸೆಂದು ಪಿಸುಗುಟ್ಟುತ್ತದೆ. ನಮ್ಮ ಜನ್ನನ ‘ಯಶೋಧರ ಚರಿತೆ’ಯಲ್ಲಿಯೂ ಯಶೋಧರನ ತಂದೆ ನರೆಗೂದಲನ್ನು ಕಂಡೇ ವಿರಕ್ತನಾಗುತ್ತಾನೆ. ನರೆಯೆಂದರೆ ಹಳೆಯ ಕವಿಗಳಿಗೆ ದೂತ. ಅವನು ತಂದ ಓಲೆಯನ್ನು ಓದಿಕೊಳ್ಳಬೇಕೇ ಹೊರತು ಅವನ ಮುಖಕ್ಕೆ ಮಸಿ ಬಳಿಯುವಂತಿಲ್ಲ.

ಈ ಮಾತು ನಮ್ಮ ಸೀಮೆಯಲ್ಲಿ ಬರಿಯ ಕಾವ್ಯವಾಗಿ ಉಳಿದಿಲ್ಲ. ಭೋಜದ ಆಚಾರ್ಯ ಶಾಂತಿಸಾಗರರು, ಕೋಥಳಿಯ ದೇಶಭೂಷಣ ಮಹಾರಾಜರು, 1925ರಲ್ಲಿ ಶೇಡಬಾಳದಲ್ಲಿ ಜನಿಸಿದ ವಿದ್ಯಾನಂದ ಮುನಿಗಳು, 1946ರಲ್ಲಿ ಸದಲಗಾದಲ್ಲಿ ಜನಿಸಿದ ವಿದ್ಯಾಸಾಗರರು ಇವರೆಲ್ಲ ಇಲ್ಲಿಯ ಮಣ್ಣಿನ ಮಕ್ಕಳು. ದಿಗಂಬರ ಮುನಿಗಳು ಕತ್ತರಿ, ಕತ್ತಿಗಳನ್ನು ಮುಟ್ಟದೆ ತಲೆ, ಗಡ್ಡ, ಮೀಸೆಗಳನ್ನು ಕೈಯಿಂದಲೇ ಕಿತ್ತುಕೊಳ್ಳುವ ಕೇಶಲೋಚವನ್ನು ನಾಲ್ಕು ತಿಂಗಳು ಮೀರದಂತೆ ಮಾಡಬೇಕು. ಆ ದಿನ ಉಪವಾಸ. ವಿದ್ಯಾಸಾಗರರು 1968ರಲ್ಲಿ ಅಜಮೇರಿನಲ್ಲಿ ಮುನಿದೀಕ್ಷೆ ಪಡೆದಾಗ ಅವರಿಗೆ ಇನ್ನೂ ಇಪ್ಪತ್ತೊಂದು ವರ್ಷ. ಅವರು ಯಾವ ದೂತನಿಗೂ ಕಾಯಲಿಲ್ಲ. ಕರಿಯ ಕೂದಲನ್ನೇ ಕಿತ್ತರು. ಕೇಶಲೋಚವನ್ನು ಕೈಮುಗಿದು ನೋಡಿ ಬಂದ ಗೃಹಸ್ಥನು ಮರುದಿನ ಮನೆಯಲ್ಲಿ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಾನೆ. ಇದರಲ್ಲಿ ನನಗೆ ಕಪಟವೇನೂ ಕಾಣುವುದಿಲ್ಲ. ಯತಿಧರ್ಮ ಬೇರೆ, ಗೃಹಸ್ಥಧರ್ಮ ಬೇರೆ.

ಗೃಹಸ್ಥನ ಪರವಾಗಿ ವಾದಿಸಲು ಹಳಬರಲ್ಲಿಯೇ ಒಬ್ಬರಿದ್ದಾರೆ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿಯ ಅಧ್ಯಾಯವನ್ನು ಆರಂಭಿಸುವುದೇ ತಲೆಗೂದಲಿನ ಬಣ್ಣದಿಂದ. ಬಿಳಿದಲೆಯವನಿಗೆ ಮಾಲೆ, ಗಂಧ, ಉಡುಗೆ, ಒಡವೆ ಯಾವುದೂ ಒಪ್ಪುವುದಿಲ್ಲ ಎಂಬುದು ಅವನ ಅಭಿಪ್ರಾಯ. ಹಾರಕದ ಕಾಳನ್ನು ಹುಳಿಯಲ್ಲಿ, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ಅರೆದು, ತಲೆಗೆ ಮೆತ್ತಿ, ಹಸಿ ಎಲೆ ಸುತ್ತಿಕೊಂಡು ಕೂಡಬೇಕು. ಆಮೇಲೆ ನೆಲ್ಲಿಯ ಲೇಪ. ಕಡೆಗೆ ಕಬ್ಬಿಣದ ನಾತ ಹೋಗಲು ಪರಿಮಳ.

ಈ ವಿಧಾನವನ್ನು ಓದಿ ನಾನು ಬೆರಗಾದೆ. ಅಥಣಿಯ ಅಡುಗೆಮನೆಯಲ್ಲಿ ಇಂದಿಗೂ ನಡೆಯುವುದು ಹೆಚ್ಚುಕಡಿಮೆ ಇದೇ. ಶನಿವಾರ ರಾತ್ರಿ ಮದರಂಗಿಯ ಪುಡಿಯನ್ನು ಕಬ್ಬಿಣದ ಕಡಾಯಿಯಲ್ಲಿ ಹಾಕಿ, ಚಹದ ಗಟ್ಟಿ ಡಿಕಾಕ್ಷನ್ನಿನಲ್ಲಿ ಕಲಸಿ, ನೆಲ್ಲಿಯ ಪುಡಿಯನ್ನೂ ಚೂರು ಕಾಚನ್ನೂ ಸೇರಿಸಿ ಮುಚ್ಚಿಡುತ್ತಾರೆ. ರವಿವಾರ ಮುಂಜಾನೆ ಅದು ಕರ್ರಗೆ ತಿರುಗಿರುತ್ತದೆ. ಹಳೆಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಕೂತರೆ ಎರಡು ಮೂರು ತಾಸಿನ ಕೆಲಸ. ಅಂದು ಸಾಬೂನು ಮುಟ್ಟಿಸದೆ ಬರಿಯ ನೀರಿನಲ್ಲಿ ತೊಳೆಯಬೇಕು.

ಮದರಂಗಿಯ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿನ ಕೆರಾಟಿನ್ನಿಗೆ ನೇರವಾಗಿ ಅಂಟಿಕೊಳ್ಳುತ್ತದೆ. ಅದೊಂದೇ ಆದರೆ ಬಿಳಿಯ ಕೂದಲು ಕಿತ್ತಳೆಯಾಗುವುದು. ಜಾತ್ರೆಯಲ್ಲಿ ಎದ್ದು ಕಾಣುವ ಕೆಂಪು ಗಡ್ಡಗಳ ಗುಟ್ಟು ಇದೇ. ಚಹ, ನೆಲ್ಲಿ, ಕಾಚುಗಳಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಹುಟ್ಟಿ ಆ ಕೆಂಪನ್ನು ತಗ್ಗಿಸುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ತಯಾರಿಸುತ್ತಿದ್ದುದೂ ಇದೇ ತತ್ತ್ವದಿಂದ. ಬರೆಯುವ ಮಸಿಯನ್ನೇ ನಮ್ಮ ಹೆಂಗಸರು ತಲೆಗೆ ಹಚ್ಚುತ್ತ ಬಂದಿದ್ದಾರೆ ಎಂದರೆ ಸಾಹಿತ್ಯದವರು ಸಂತೋಷಪಡಬೇಕು. ಇನ್ನೂ ನಿಶ್ಚಿತವಾದ ಕಂದು ಬೇಕೆನ್ನುವವರು ಮದರಂಗಿಗೆ ನೀಲಿಗಿಡದ ಎಲೆಯ ಪುಡಿಯನ್ನು ಬೆರೆಸುತ್ತಾರೆ. ನೀಲಿಯನ್ನು ಮಾತ್ರ ರಾತ್ರಿ ನೆನೆಸಬಾರದು, ಹಚ್ಚುವ ಹೊತ್ತಿಗೇ ಕಲಸಬೇಕು. ಅದರ ಬಣ್ಣ ಪೂರ್ತಿ ಕೂಡಲು ಒಂದೆರಡು ದಿನ ಬೇಕು.

ಕಂದು ಬಣ್ಣ ಏರಿಸುವ ಇನ್ನೊಂದು ವಿದ್ಯೆಯೂ ಈ ಸೀಮೆಯಲ್ಲಿಯೇ ಇದೆ. ಅಥಣಿ ತಾಲ್ಲೂಕಿನ ಮದಭಾವಿಯಲ್ಲಿ, ನಿಪ್ಪಾಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವವರ ತೊಗಲಿಗೆ ಆ ಚೆಲುವಾದ ಕಂದು ಬರುವುದು ಜಾಲಿಯ ತೊಗಟೆ ಮತ್ತು ಹಿರಡೆಕಾಯಿಯಿಂದ. ಹಿರಡೆಯೆಂದರೆ ಮೇಲೆ ಹೇಳಿದ ಅಳಲೆಯೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳು ಅದನ್ನು ಹಂಚಿಕೊಂಡವು. ಗಡಿಯ ಜಗಳಗಳಲ್ಲಿ ಇಷ್ಟು ಸಮವಾಗಿ ಹಂಚಿದ್ದು ಬೇರೊಂದಿದೆಯೋ ಇಲ್ಲವೋ!

ಪೊಟ್ಟಣದ ಬಣ್ಣದ ಕಥೆ ಬೇರೆ. 1863ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನಜ್ಞನು ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ವಸ್ತುವನ್ನು ವರ್ಣಿಸಿದನು. ಅದನ್ನು ಚಿಕ್ಕದಾಗಿ ಪಿಪಿಡಿ ಎನ್ನುವರು. 1907ರಲ್ಲಿ ಪ್ಯಾರಿಸಿನ ಯುಜೀನ್ ಶುಎಲ್ಲರ್ ಎಂಬಾತ ಕೃತಕ ಕೇಶವರ್ಣವನ್ನು ಸಿದ್ಧಪಡಿಸಿ ವ್ಯಾಪಾರಕ್ಕಿಳಿದನು. ಬಣ್ಣವಿಲ್ಲದ ಸಣ್ಣ ಅಣುಗಳು ಕೂದಲಿನೊಳಗೆ ಹೊಕ್ಕು, ಹೈಡ್ರೋಜನ್ ಪೆರಾಕ್ಸೈಡಿನ ಸಂಗದಿಂದ ಒಂದಕ್ಕೊಂದು ಬೆಸೆದು, ದೊಡ್ಡದಾಗಿ ಬಣ್ಣ ತಳೆದು ಹೊರಬರಲಾರದೆ ಉಳಿಯುತ್ತವೆ. ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕಂತೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳಬಹುದಿತ್ತು.

ಇಲ್ಲಿ ನಾನು ವಿನೋದವನ್ನು ಬಿಟ್ಟು ಮಾತನಾಡಬೇಕಾಗಿದೆ. ಪಿಪಿಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲ ಕಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಬಹುದು. ಒಮ್ಮೆ ಹಾಗಾದ ದೇಹ ಅದನ್ನು ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ನನ್ನ ಪರಿಚಯದ ಉಪಾಧ್ಯಾಯರೊಬ್ಬರು ಮಗಳ ಮದುವೆಯ ಅಕ್ಕಿಕಾಳನ್ನು ಊದಿದ ಮುಖ ಹೊತ್ತು ಹಾಕಬೇಕಾಯಿತು. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿ ಎಷ್ಟೋ ಸಲ ಇದೇ ಪಿಪಿಡಿ ಇರುತ್ತದೆ. ಮದರಂಗಿ ತಾನಾಗಿ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಆದ್ದರಿಂದ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿರಿ. ಕಿವಿಯ ಹಿಂದೆ ತುಸು ಹಚ್ಚಿ ಎರಡು ದಿನ ಕಾಯಿರಿ. ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿರಿ. ಇನ್ನೂ ಮುಖ್ಯವಾದುದು, ಈ ಬಣ್ಣ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ದಕ್ಷಿಣ ಭಾರತದ ಆಸ್ಪತ್ರೆಗಳು ಇಂಥ ಸಾವುಗಳನ್ನು ಬಹಳ ಕಂಡಿವೆ. ಮನೆಯಲ್ಲಿ ಇದನ್ನು ಕೀಟನಾಶಕದಂತೆಯೇ ಕೀಲಿಯೊಳಗೆ ಇಡಬೇಕು. ಬಾಯಿಗೆ ಹೋದದ್ದು ತಿಳಿದೊಡನೆ ಮನೆಮದ್ದಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಬಣ್ಣ ಹಚ್ಚುವವರನ್ನು ಕಂಡು ನಗುವವರಲ್ಲಿ ನಾನಿಲ್ಲ. ಐವತ್ತು ದಾಟಿದ ಮೇಲೆ ಕೆಲಸ ಕೇಳಿಕೊಂಡು ಹೋಗುವವನಿಗೆ ನರೆ ವೈರಾಗ್ಯದ ದೂತನಲ್ಲ, ಅನ್ನಕ್ಕೆ ಅಡ್ಡಿ. ದಶರಥನಿಗೆ ಬಿಟ್ಟುಕೊಡಲು ರಾಜ್ಯವಾದರೂ ಇತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಮದರಂಗಿಯ ಬಟ್ಟಲು ಹಿಡಿದು ಕೂತರೆ ಇಂದಿಗೂ ಓಣಿಯಲ್ಲಿ ಪಿಸುಮಾತು ಏಳುತ್ತದೆ. ಅದನ್ನು ಕೇಳಿಯೂ ಹಚ್ಚಿಕೊಳ್ಳುವವರ ಧೈರ್ಯಕ್ಕೆ ನನ್ನ ಗೌರವವಿದೆ.

ತರುಣಿಯರು ಕರಿಯ ಕೂದಲನ್ನು ಹಣ ತೆತ್ತು ಕಂದು ಮಾಡಿಸಿಕೊಳ್ಳುವುದನ್ನು ನೋಡುವಾಗ ಮಾತ್ರ ಮನಸ್ಸು ಬೇರೆ ಕಡೆಗೆ ಹೋಗುತ್ತದೆ. ಕೆಂಗೂದಲಿನ ಮಗುವಿಗೆ ನಮ್ಮ ಹಿರಿಯರು ಕೆಂಚ, ಕೆಂಚವ್ವ ಎಂದು ಹೆಸರಿಡುತ್ತಿದ್ದರು. ಶಿವನ ಕೆಂಜೆಡೆಯನ್ನು ಕವಿಗಳು ಹೊಗಳಿದರು. ಮನುವಾದರೋ ಕಪಿಲವರ್ಣದ ಕನ್ಯೆಯನ್ನು ವರಿಸಬಾರದೆಂದನು. ಆದರೆ ಊರಲ್ಲಿ ಕಂದು ತಲೆ ಎಂದರೆ ಬಹುಮಟ್ಟಿಗೆ ಎಣ್ಣೆ ಕಾಣದ ತಲೆ, ಬಿಸಿಲುಂಡ ತಲೆ, ಬಡವರ ತಲೆ. 1933ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಪಶ್ಚಿಮ ಆಫ್ರಿಕದ ಮಕ್ಕಳಲ್ಲಿ ವರ್ಣಿಸಿದ, ಆಮೇಲೆ ಕ್ವಾಶಿಯೋರ್ಕರ್ ಎಂದು ಹೆಸರಾದ ರೋಗದಲ್ಲಿ, ಪ್ರೋಟೀನು ಸಾಲದೆ ಕರಿಯ ಕೂದಲು ಕಂದಾಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಉಗಾರದ ಕಡೆ ಹೋದರೆ ಟ್ರ್ಯಾಕ್ಟರಿನ ಹಿಂದೆ, ಜೋಪಡಿಗಳ ಮುಂದೆ ಆಡುವ ಮಕ್ಕಳ ತಲೆಗಳನ್ನು ನೋಡಿರಿ. ಧೂಳಿನದೆಷ್ಟು, ಬಿಸಿಲಿನದೆಷ್ಟು, ಹಸಿವಿನದೆಷ್ಟು ಎಂದು ದೂರದಿಂದ ಹೇಳಲಾಗದು. ವೈದ್ಯರು ಕೂದಲನ್ನು ಬೆರಳಲ್ಲಿ ಎತ್ತಿ ನೋಡುತ್ತಾರೆ. ಊಟ ಸಿಕ್ಕ ತಿಂಗಳಲ್ಲಿ ಬೆಳೆದ ಭಾಗ ಕಪ್ಪು, ಊಟ ತಪ್ಪಿದ ತಿಂಗಳಲ್ಲಿ ಬೆಳೆದ ಭಾಗ ಕಂದು. ಒಂದೇ ಎಳೆಯಲ್ಲಿ ಪಟ್ಟೆ ಪಟ್ಟೆಯಾಗಿ ಎರಡೂ ಕಾಣುವುದುಂಟು.